ಮಾರಾಟವಾಗುವ ಮನೆ ಸಾಲ

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಮನೆ ಕಟ್ಟಲು ಸಾಲ ಪಡೆದರೆ ಉತಾರದ ಮೇಲೆ ಬೋಜಾ ಕೂರುತ್ತದೆ. ಕೊಟ್ಟವರೇ ಕೊನೆಯವರೆಗೂ ತನ್ನ ಸಾಲದಾತರೆಂದು ಸಾಲಗಾರ ನಂಬಿರುತ್ತಾನೆ. ಆದರೆ ಅವನಿಗೆ ಅರಿವಿಲ್ಲದೆಯೇ ಆ ಸಾಲ ಬೇರೊಬ್ಬರ ಪಾಲಾಗಿರಲೂಬಹುದು.

ಇದು ನಡೆಯುವ ಬಗೆ ಹೀಗೆ: ಇಪ್ಪತ್ತು ವರ್ಷಗಳ ಸಾಲ ಕೊಟ್ಟ ಸಂಸ್ಥೆಯ ಹಣ ಅಷ್ಟು ಕಾಲ ಸಿಕ್ಕಿಕೊಳ್ಳುತ್ತದೆ. ಹೊಸ ಸಾಲಕ್ಕೆ ಹಣ ಬೇಕಾದಾಗ ಅದು ಹಲವಾರು ಸಾಲಗಳನ್ನು ಒಟ್ಟುಗೂಡಿಸಿ ಒಂದು ಟ್ರಸ್ಟಿಗೆ ಮಾರುತ್ತದೆ. ಟ್ರಸ್ಟು ಅವುಗಳ ಆಧಾರದಲ್ಲಿ ಪತ್ರಗಳನ್ನು ಹೊರಡಿಸಿ ಹೂಡಿಕೆದಾರರಿಗೆ ನೀಡುತ್ತದೆ. ಕಂತನ್ನು ಸಾಮಾನ್ಯವಾಗಿ ಮೊದಲಿನ ಸಂಸ್ಥೆಯೇ ವಸೂಲು ಮಾಡಿ ಅವರಿಗೆ ದಾಟಿಸುತ್ತದೆ. ನಮ್ಮ ದೇಶದಲ್ಲಿ ರಾಷ್ಟ್ರೀಯ ವಸತಿ ಬ್ಯಾಂಕು 2000ದಲ್ಲಿ ಇದಕ್ಕೆ ನಾಂದಿ ಹಾಡಿತು.

ಇದರಲ್ಲೊಂದು ಅಪಾಯವಿದೆ. ಕೊಟ್ಟ ಸಾಲವನ್ನು ಮಾರಿ ಕೈತೊಳೆದುಕೊಳ್ಳಬಹುದಾದರೆ, ಪಡೆದವನು ತೀರಿಸಬಲ್ಲನೇ ಎಂದು ಯಾರು ವಿಚಾರಿಸುತ್ತಾರೆ? ಅಮೆರಿಕದಲ್ಲಿ ಆದದ್ದು ಇದೇ. 2008ರ ವೇಳೆಗೆ ಕಂತು ನಿಂತು, ಲಕ್ಷಾಂತರ ಕುಟುಂಬಗಳು ಮನೆ ಕಳೆದುಕೊಂಡವು. ದೊಡ್ಡ ಬ್ಯಾಂಕುಗಳೂ ಉರುಳಿದವು. 2021ರಲ್ಲಿ ನಮ್ಮ ರಿಸರ್ವ್ ಬ್ಯಾಂಕು, ಮನೆ ಸಾಲಗಳನ್ನು ಹೀಗೆ ಮಾರುವ ಸಂಸ್ಥೆ ಕನಿಷ್ಠ 5 ಶೇಕಡಾ ಪಾಲನ್ನು ತಾನೇ ಇಟ್ಟುಕೊಳ್ಳಬೇಕೆಂದು ವಿಧಿಸಿತು.

ಇಸ್ಲಾಮ್ ಈ ಬಗ್ಗೆ ಏನನ್ನುತ್ತದೆ? ಸಾಲವನ್ನು ಬರೆದಿಡುವುದು, ಒತ್ತೆ ಇಡುವುದು ಅನುಮತಿಸಲ್ಪಟ್ಟಿವೆ. ಸಾಲದ ಹೊಣೆಯನ್ನು ಇನ್ನೊಬ್ಬನಿಗೆ ವರ್ಗಾಯಿಸುವ 'ಹವಾಲಾ' ಕೂಡಾ ಫಿಕ್ಹ್‌ನಲ್ಲಿದೆ. ಆದರೆ ಹಣದ ಸಾಲವನ್ನೇ ಸರಕಾಗಿಸಿ, ಹೆಚ್ಚು ಕಡಿಮೆ ಬೆಲೆಗೆ ಮಾರಿ ಲಾಭ ಪಡೆಯುವುದನ್ನು ಹೆಚ್ಚಿನ ವಿದ್ವಾಂಸರು ಬಡ್ಡಿಯೆಂದೇ ಪರಿಗಣಿಸುತ್ತಾರೆ. ಮೂಲ ಸಾಲವೇ ಬಡ್ಡಿಯದಾದಾಗ ಹೂಡಿಕೆದಾರನ ಕೈ ಸೇರುವುದೂ ಅದೇ ಬಡ್ಡಿ.

ಸಾಲಗಾರ ಸಂಕಷ್ಟದಲ್ಲಿದ್ದರೆ ಅನುಕೂಲವಾಗುವ ತನಕ ಕಾಲಾವಕಾಶ ನೀಡಬೇಕೆಂದು ಕುರ್‌ಆನ್ (2:280) ಆದೇಶಿಸುತ್ತದೆ. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ಗೋಕಾಕದ ಮನೆಗಳಿಗೆ ನುಗ್ಗಿದ್ದನ್ನು ನೆನೆಯಿರಿ. ಅಂಥ ದಿನ ಕಂತು ಕಟ್ಟಲಾಗದವನು ಯಾರ ಬಾಗಿಲು ತಟ್ಟಬೇಕು? ವಸೂಲು ಮಾಡುವವನದು ಬರೀ ವಸೂಲಿಯ ಕೆಲಸ. ಹಣದ ಒಡೆಯನಿಗೆ ಆ ಮುಖದ ಪರಿಚಯವೇ ಇಲ್ಲ. ಕರುಣೆ ತೋರಬೇಕಾದ ಸ್ಥಳದಲ್ಲಿ ಮನುಷ್ಯನೇ ಇರುವುದಿಲ್ಲ!

ಆದ್ದರಿಂದ ಮೊದಲು ಬಡ್ಡಿರಹಿತ ದಾರಿ ಹುಡುಕಿರಿ. ಬಂಧುಗಳಲ್ಲಿ ಅನುಕೂಲಸ್ಥರು ಸಾಲ ಕೊಟ್ಟು ನೆರವಾಗಲಿ. ಈಗಾಗಲೇ ಸಾಲದಲ್ಲಿರುವವರು ನೆನಪಿಡಿ: ಸಾಲ ಯಾರ ಕೈಗೆ ಹೋದರೂ ನಿಮ್ಮ ಕರಾರು ಬದಲಾಗದು. ಅದು ಈಗ ಯಾರಲ್ಲಿದೆಯೆಂದು ಲಿಖಿತವಾಗಿ ಕೇಳಿರಿ. ಪೂರ್ಣ ತೀರಿದ 30 ದಿನಗಳೊಳಗೆ ಮನೆಯ ಮೂಲಪತ್ರಗಳನ್ನು ಮರಳಿಸಬೇಕೆಂಬುದು 2023ರ ಡಿಸೆಂಬರ್‌ನಿಂದ ನಿಯಮವಾಗಿದೆ. ಬೋಜಾ ಇಳಿಸಿಕೊಳ್ಳಲು ಮರೆಯದಿರಿ.