ಸತ್ತ ಕಾಡುಹಂದಿ ಕಂಡರೆ ಮುಟ್ಟಬೇಡಿ, ತಿಳಿಸಿ



ಕಾಡಂಚಿನ ಊರೊಂದರ ಸಂಘಕ್ಕೆ ಹೋದಾಗ ಸದಸ್ಯೆಯೊಬ್ಬರು ಕೇಳಿದರು: "ಡಾಕ್ಟ್ರೇ, ಬೇಲಿ ಹತ್ರ ಕಾಡುಹಂದಿ ಸತ್ತು ಬಿದ್ದಿದೆ. ಹಸುಗೆ ಏನಾದ್ರೂ ಆಗುತ್ತಾ? ಹಾಲು ಡೇರಿಗೆ ಹಾಕಬಹುದಾ?" ಅವರ ಕೊಟ್ಟಿಗೆಯಲ್ಲಿ ಎರಡು ಹಸು, ಹಿತ್ತಲಲ್ಲಿ ಮೂರು ಹಂದಿ. ಅವರಿಗೆ ಹಸುವಿನ ಚಿಂತೆ, ನನಗೆ ಹಂದಿಗಳ ಚಿಂತೆ.

ಆಫ್ರಿಕನ್ ಹಂದಿ ಜ್ವರ ನಮ್ಮ ದೇಶದಲ್ಲಿ ಮೊದಲು ಕಂಡದ್ದು 2020ರಲ್ಲಿ, ಈಶಾನ್ಯ ರಾಜ್ಯಗಳಲ್ಲಿ. 2022ರಲ್ಲಿ ಕೇರಳದ ವಯನಾಡಿಗೆ ಬಂತು. 2023ರ ಆರಂಭದಲ್ಲಿ ನಮ್ಮ ಬಂಡೀಪುರಕ್ಕೆ ಹೊಂದಿಕೊಂಡಿರುವ ಮುದುಮಲೆ ಕಾಡಿನಲ್ಲಿ ಕಾಡುಹಂದಿಗಳು ಇದರಿಂದಲೇ ಸತ್ತವು.

ಈ ವೈರಸ್ ಹಸು, ಎಮ್ಮೆ, ಮನುಷ್ಯರಿಗೆ ತಗಲುವುದಿಲ್ಲ. ಇದರಿಂದ ಹಾಲಿಗೆ ತೊಂದರೆ ಇಲ್ಲ. ಹಂದಿಗೆ ಮಾತ್ರ ಚಿಕಿತ್ಸೆಯೇ ಇಲ್ಲ. ಜೋರು ಜ್ವರ, ಮೇವು ಬಿಡುವುದು, ಕಿವಿ ಮತ್ತು ಹೊಟ್ಟೆಯ ಚರ್ಮ ಕೆಂಪಾಗುವುದು ಇದರ ಲಕ್ಷಣ. ಕೆಲವೇ ದಿನಗಳಲ್ಲಿ ಹಿಂಡಿಗೆ ಹಿಂಡೇ ಸಾಯಬಹುದು.

ರೋಗಪೀಡಿತ ಹಂದಿಯ ರಕ್ತ, ಮಾಂಸ, ಸಗಣಿಯಲ್ಲಿ ವೈರಸ್ ಇರುತ್ತದೆ. ಹೆಣದಲ್ಲಿ ಬಹಳ ದಿನ ಜೀವಂತವಾಗಿರುತ್ತದೆ. ಮೇವು ಕೊಯ್ಯಲು ಹೋದವರ ಚಪ್ಪಲಿ, ಕುಡುಗೋಲು, ಜೊತೆಗೆ ಹೋದ ನಾಯಿಯ ಬಾಯಿ, ಇವುಗಳಿಂದ ಅದು ಹಿತ್ತಲು ಸೇರುತ್ತದೆ. ನಾವು ಕಾಡಂಚಿಗೆ ಎಸೆದ ಸತ್ತ ಹಂದಿಯಿಂದ ಕಾಡುಹಂದಿಗೂ ಹರಡುತ್ತದೆ.

ನೀವು ಮಾಡಬೇಕಾದದ್ದು:

1. ಸತ್ತ ಕಾಡುಹಂದಿಯನ್ನು ಮುಟ್ಟಬೇಡಿ, ಕೊಯ್ಯಬೇಡಿ, ಮಾಂಸ ತರಬೇಡಿ. ಸಾವಿಗೆ ನೆರಡಿ ರೋಗ ಕಾರಣವಾಗಿದ್ದರೆ ಅದು ಹಸುವಿಗೂ ನಿಮಗೂ ಅಪಾಯ. ಪರೀಕ್ಷೆ ಆಗುವವರೆಗೆ ಆ ಜಾಗದ ಮೇವು ಬೇಡ.
2. ಅರಣ್ಯ ಇಲಾಖೆಗೆ, ಪಶು ಆಸ್ಪತ್ರೆಗೆ ತಿಳಿಸಿ. ಪಶು ಸಹಾಯವಾಣಿ 1962.
3. ಹಂದಿಗಳನ್ನು ಹೊರಗೆ ಬಿಡಬೇಡಿ. ಗೂಡಿಗೆ ಗಟ್ಟಿ ಬೇಲಿ ಹಾಕಿ, ಅಲ್ಲಿಗೆಂದೇ ಬೇರೆ ಚಪ್ಪಲಿ ಇಡಿ.
4. ಹೋಟೆಲ್, ಮದುವೆ ಮನೆಯ ಮುಸುರೆ ಹಾಕಬೇಡಿ.
5. ಹಂದಿ ಮಂಕಾದರೆ ಅವಸರದಲ್ಲಿ ಮಾರಬೇಡಿ. ಹಾಗೆ ಮಾರಿದ ಒಂದು ಹಂದಿ ಇನ್ನೊಂದು ಊರಿಗೆ ರೋಗ ಒಯ್ಯುತ್ತದೆ.

ರೋಗ ದೃಢಪಟ್ಟರೆ ಸುತ್ತಲಿನ 1 ಕಿಲೋಮೀಟರ್ ವ್ಯಾಪ್ತಿಯ ಹಂದಿಗಳನ್ನು ಕೊಲ್ಲಬೇಕಾಗುತ್ತದೆ. ಹಾಗೆ ಕೊಂದ ಹಂದಿಗಳಿಗೆ ಸರ್ಕಾರದ ಪರಿಹಾರವಿದೆ. ಆ ಭಯಕ್ಕೆ ವಿಷಯ ಮುಚ್ಚಿಡಬೇಡಿ.

ಕಾಲುಬಾಯಿ ಜ್ವರ ಹಾಗಲ್ಲ, ಅದು ಹಂದಿಗೂ ಹಸುವಿಗೂ ಬರುತ್ತದೆ. ಆರು ತಿಂಗಳಿಗೊಮ್ಮೆ ಹಸುಗಳಿಗೆ ಲಸಿಕೆ ತಪ್ಪಿಸಬೇಡಿ.

ಆ ಸಹೋದರಿ ಕೇಳಿ ಒಳ್ಳೆಯದು ಮಾಡಿದರು. ನೀವೂ ಸಂಕೋಚವಿಲ್ಲದೆ ಕೇಳಿ.