ಬಡವರ ಪಾಠಶಾಲೆಯನ್ನು ಕಾಯ್ದ ಶಾಸಕ: ಥ್ಯಾಡಿಯಸ್ ಸ್ಟೀವನ್ಸ್

ವಿದ್ಯಾದಾನವು ಶ್ರೇಷ್ಠವಾದುದೆಂಬ ಮಾತನ್ನು ಒಪ್ಪದವರು ವಿರಳ. ಆದರೆ ಆ ದಾನವನ್ನು ಸ್ವೀಕರಿಸುವ ಬಾಲಕನು ತಲೆಯೆತ್ತಿ ಸ್ವೀಕರಿಸಬೇಕೋ, ತಲೆತಗ್ಗಿಸಿ ಸ್ವೀಕರಿಸಬೇಕೋ ಎಂಬ ವಿಚಾರವನ್ನು ಮಾಡಿದವರೂ ಅಷ್ಟೇ ವಿರಳ. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಪೆನ್ಸಿಲ್ವೇನಿಯಾ ರಾಜ್ಯದ ಶಾಸನಸಭೆಯಲ್ಲಿ ಈ ಪ್ರಶ್ನೆಯನ್ನೆತ್ತಿ, ಅದಕ್ಕೆ ನಿಸ್ಸಂದಿಗ್ಧವಾದ ಉತ್ತರವಿತ್ತವನು ಥ್ಯಾಡಿಯಸ್ ಸ್ಟೀವನ್ಸ್.

ಸ್ಟೀವನ್ಸನು 1792ರ ಏಪ್ರಿಲ್ 4ರಂದು ವರ್ಮಾಂಟ್ ರಾಜ್ಯದ ಡ್ಯಾನ್ವಿಲ್ ಎಂಬಲ್ಲಿ ಜನಿಸಿದನು. ಹುಟ್ಟುವಾಗಲೇ ಅವನ ಒಂದು ಪಾದ ವಕ್ರವಾಗಿತ್ತು. ತಂದೆ ಸಂಸಾರವನ್ನು ತೊರೆದುಹೋದನು. ನಾಲ್ವರು ಗಂಡುಮಕ್ಕಳ ಭಾರವೆಲ್ಲ ತಾಯಿ ಸಾರಾಳ ಹೆಗಲಿಗೆ ಬಿದ್ದಿತು. ಕಾಲೂನನಾದ ಮಗನಿಗೆ ಹೊಲದ ದುಡಿಮೆ ಒದಗದು, ವಿದ್ಯೆಯೊಂದೇ ಅವನಿಗೆ ಊರುಗೋಲೆಂದು ಅರಿತ ಆ ತಾಯಿ, ಪಾಠಶಾಲೆಯಿದ್ದ ಪೀಚಮ್ ಗ್ರಾಮಕ್ಕೆ ಬಿಡಾರವನ್ನೇ ಬದಲಿಸಿದಳು. ಮಗನು 1814ರಲ್ಲಿ ಡಾರ್ಟ್‌ಮತ್ ಕಾಲೇಜಿನ ಪದವೀಧರನಾದನು. ಬಳಿಕ ಪೆನ್ಸಿಲ್ವೇನಿಯಾದ ಯಾರ್ಕ್ ಪಟ್ಟಣದಲ್ಲಿ ಕೆಲಕಾಲ ಉಪಾಧ್ಯಾಯನಾಗಿದ್ದು, 1816ರಲ್ಲಿ ಗೆಟಿಸ್‌ಬರ್ಗ್‌ನಲ್ಲಿ ವಕೀಲಿ ವೃತ್ತಿಯನ್ನು ಆರಂಭಿಸಿದನು. 1833ರಲ್ಲಿ ರಾಜ್ಯದ ಕೆಳಮನೆಗೆ ಆಯ್ಕೆಯಾದನು.

ಆ ಕಾಲದಲ್ಲಿ ಪೆನ್ಸಿಲ್ವೇನಿಯಾದಲ್ಲಿ ಬಡಮಕ್ಕಳಿಗೆ ಉಚಿತ ಶಿಕ್ಷಣವಿರಲಿಲ್ಲವೆಂದಲ್ಲ. 1809ರ ಶಾಸನದ ಪ್ರಕಾರ ಅಂಥವರ ಶುಲ್ಕವನ್ನು ಸರ್ಕಾರವೇ ಕೊಡುತ್ತಿತ್ತು. ಆದರೆ ಅದಕ್ಕಾಗಿ ತಂದೆತಾಯಿಗಳು ತಾವು ನಿರ್ಗತಿಕರೆಂದು ಒಪ್ಪಿಕೊಂಡು ಪಟ್ಟಿಯಲ್ಲಿ ಹೆಸರು ಬರೆಯಿಸಬೇಕಾಗಿತ್ತು. ಮಾನಕ್ಕಂಜುವ ಬಡವನು ಈ ಉಪಕಾರಕ್ಕಿಂತ ಮಗನ ಅಜ್ಞಾನವನ್ನೇ ಸಹಿಸಿಕೊಂಡನು. ಈ ದೋಷವನ್ನು ನೀಗಲು 1834ರಲ್ಲಿ ಗವರ್ನರ್ ಜಾರ್ಜ್ ವುಲ್ಫ್‌ನ ಕಾಲದಲ್ಲಿ ಹೊಸ ಶಾಸನವೊಂದು ಜಾರಿಗೆ ಬಂದಿತು. ಸಾರ್ವಜನಿಕ ತೆರಿಗೆಯಿಂದ ನಡೆಯುವ ಶಾಲೆ, ಅದರಲ್ಲಿ ಧನಿಕ ದರಿದ್ರರೆಂಬ ಭೇದವಿಲ್ಲದೆ ಎಲ್ಲ ಮಕ್ಕಳಿಗೂ ಪ್ರವೇಶ: ಇದೇ ಅದರ ತಿರುಳು.

ಶಾಸನಕ್ಕೆ ಒಡನೆಯೇ ವಿರೋಧವೆದ್ದಿತು. ಮಕ್ಕಳಿಲ್ಲದವರು ಅನ್ಯರ ಮಕ್ಕಳಿಗಾಗಿ ತೆರಿಗೆ ತೆರುವುದೇಕೆಂದರು. ಜರ್ಮನ್ ಭಾಷೆಯಾಡುವ ಅನೇಕ ಧಾರ್ಮಿಕ ಸಮುದಾಯಗಳು ತಮ್ಮ ಸ್ವಂತ ಶಾಲೆಗಳೂ ಭಾಷೆಯೂ ಅಳಿದಾವೆಂದು ಶಂಕಿಸಿದವು. ರದ್ದುಪಡಿಸಬೇಕೆಂಬ ಅರ್ಜಿಗಳು ರಾಶಿರಾಶಿಯಾಗಿ ಬಂದವು. ಮೇಲ್ಮನೆಯು ಅದಕ್ಕೆ ಸಮ್ಮತಿಯನ್ನೂ ಇತ್ತಿತು. ಉಳಿದುದು ಕೆಳಮನೆಯ ನಿರ್ಣಯವೊಂದೇ.

1835ರ ಏಪ್ರಿಲ್ 11ರಂದು ಸ್ಟೀವನ್ಸನು ಮಾತನಾಡಲು ಎದ್ದುನಿಂತನು. ಗವರ್ನರನು ಅವನ ವಿರೋಧಪಕ್ಷದವನು. ಆದರೂ ಈ ವಿಷಯದಲ್ಲಿ ಆತನ ಧೈರ್ಯವನ್ನು ಸ್ಟೀವನ್ಸನು ಮುಕ್ತಕಂಠದಿಂದ ಪ್ರಶಂಸಿಸಿದನು. ಅವನ ವಾದದ ಸಾರವಿಷ್ಟು: ಎಂದೂ ಅಪರಾಧವೆಸಗದವನೂ ಸೆರೆಮನೆ ನ್ಯಾಯಾಲಯಗಳಿಗಾಗಿ ತೆರಿಗೆ ಕೊಡುತ್ತಾನೆ. ಅಪರಾಧವನ್ನು ದಂಡಿಸಲು ಹಣ ಕೊಡುವವನು, ಅದು ಮೊಳೆಯದಂತೆ ತಡೆಯುವ ಶಾಲೆಗೆ ಕೊಡಲು ಹಿಂಜರಿಯುವುದು ಯುಕ್ತವಲ್ಲ. ಪ್ರಜೆಗಳೇ ಪ್ರಭುಗಳಾದ ರಾಜ್ಯದಲ್ಲಿ ಪ್ರಜೆಗಳು ಅಜ್ಞರಾಗಿ ಉಳಿಯುವುದು ರಾಜ್ಯಕ್ಕೇ ಅಪಾಯಕರ. ಇನ್ನು ಬಡಮಕ್ಕಳನ್ನೇ ಬೇರ್ಪಡಿಸಿ ಓದಿಸುವ ಹಳೆಯ ಕ್ರಮವು ಬಡವರ ಮೈಮೇಲೆ ಮುದ್ರೆಯೊತ್ತುವ ಕ್ರಮವಲ್ಲದೆ ಬೇರೆಯಲ್ಲ. ಸಭೆಯು ರದ್ದತಿಯನ್ನು ತಿರಸ್ಕರಿಸಿತು, ಶಾಲೆಗಳು ಉಳಿದವು. 1836ರ ಶಾಸನದಿಂದ ಆ ವ್ಯವಸ್ಥೆ ಇನ್ನಷ್ಟು ದೃಢವಾಯಿತು.

ಸ್ಟೀವನ್ಸನನ್ನು ದೋಷರಹಿತನೆಂದು ಬಣ್ಣಿಸುವುದು ಸತ್ಯಕ್ಕೆ ಅಪಚಾರ. ಅವನ ನಾಲಗೆ ಹರಿತವಾದುದು. ಪಕ್ಷದ ಕಲಹಗಳಲ್ಲಿ ಅವನು ಉಗ್ರನಾಗುತ್ತಿದ್ದನು. 1838ರ ಡಿಸೆಂಬರಿನಲ್ಲಿ ಚುನಾವಣೆಯ ವಿವಾದವು ವಿಕೋಪಕ್ಕೆ ಹೋಗಿ, ಹ್ಯಾರಿಸ್‌ಬರ್ಗ್‌ನ ಸಭಾಭವನಕ್ಕೆ ಜನಸಮೂಹವು ನುಗ್ಗಿದಾಗ, ಅವನು ಕಿಟಕಿಯಿಂದ ಹೊರಬಿದ್ದು ಪಾರಾಗಬೇಕಾಯಿತು. ಆದರೆ ದುರ್ಬಲರ ಪಕ್ಷವನ್ನು ಅವನು ಬಿಟ್ಟುಕೊಟ್ಟವನಲ್ಲ. 1837-38ರಲ್ಲಿ ರಾಜ್ಯದ ಸಂವಿಧಾನವನ್ನು ಪರಿಷ್ಕರಿಸಿದ ಸಮಾವೇಶವು ಮತದಾನವನ್ನು ಬಿಳಿಯ ಪುರುಷರಿಗಷ್ಟೇ ಸೀಮಿತಗೊಳಿಸಿದಾಗ, ಸದಸ್ಯನಾಗಿದ್ದ ಅವನು ಆ ಪತ್ರಕ್ಕೆ ಸಹಿಹಾಕಲು ನಿರಾಕರಿಸಿದನು.

ಮುಂದೆ ಲ್ಯಾಂಕಾಸ್ಟರ್ ನಗರದಲ್ಲಿ ನೆಲೆಸಿ, ರಾಷ್ಟ್ರದ ಪ್ರತಿನಿಧಿಸಭೆಗೆ ಆಯ್ಕೆಯಾಗಿ, ಗುಲಾಮಗಿರಿಯನ್ನು ತೊಡೆದುಹಾಕಿದ 13ನೆಯ ತಿದ್ದುಪಡಿಗೂ ಸಮಾನ ರಕ್ಷಣೆಯನ್ನು ವಿಧಿಸಿದ 14ನೆಯ ತಿದ್ದುಪಡಿಗೂ ಅವನು ಶ್ರಮಿಸಿದನು. 1868ರ ಆಗಸ್ಟ್ 11ರಂದು ವಾಷಿಂಗ್ಟನ್‌ನಲ್ಲಿ ನಿಧನನಾದನು. ವರ್ಣಭೇದವನ್ನು ಪಾಲಿಸುತ್ತಿದ್ದ ಶ್ಮಶಾನಗಳನ್ನು ಬಿಟ್ಟು, ಎಲ್ಲರಿಗೂ ಎಡೆಯಿದ್ದ ಲ್ಯಾಂಕಾಸ್ಟರಿನ ಚಿಕ್ಕ ಶ್ಮಶಾನವೊಂದನ್ನು ತಾನೇ ಆರಿಸಿಕೊಂಡಿದ್ದನು. ಅನಾಥ ಮಕ್ಕಳಿಗಾಗಿ ಅವನು ಮೃತ್ಯುಪತ್ರದಲ್ಲಿ ಮೀಸಲಿಟ್ಟ ಧನದ ಫಲವಾಗಿ, 1905ರಲ್ಲಿ ಅದೇ ನಗರದಲ್ಲಿ ಅವನ ಹೆಸರಿನ ಕೈಗಾರಿಕಾ ವಿದ್ಯಾಸಂಸ್ಥೆ ಸ್ಥಾಪನೆಗೊಂಡಿತು.

ಒಬ್ಬ ತಾಯಿ ಕುಂಟಮಗನ ಕೈಹಿಡಿದು ಶಾಲೆಯಿದ್ದ ಊರಿಗೆ ನಡೆದಳು. ಆ ಮಗನು ರಾಜ್ಯದ ಮಕ್ಕಳಿಗೆಲ್ಲ ಶಾಲೆಯ ಬಾಗಿಲು ಮುಚ್ಚದಂತೆ ಅಡ್ಡನಿಂತನು. ಪಡೆದ ವಿದ್ಯೆಯ ಋಣವನ್ನು ತೀರಿಸುವ ಬಗೆ ಇದು. ಶಾಲೆಯನ್ನು ಕಟ್ಟುವವರೂ, ಪೋಷಿಸುವವರೂ, ಅಲ್ಲಿ ಬೋಧಿಸುವವರೂ ಈ ಜೀವನದಿಂದ ಗ್ರಹಿಸಬೇಕಾದ ಪಾಠವೊಂದಿದೆ: ಕೊಡುವ ಕೈ ಎಷ್ಟು ದೊಡ್ಡದೆಂಬುದಕ್ಕಿಂತ, ಪಡೆಯುವ ಮಗುವಿನ ಮುಖ ಬಾಡದಂತೆ ಕೊಟ್ಟಿತೇ ಎಂಬುದೇ ವಿದ್ಯಾದಾನದ ನಿಜವಾದ ಒರೆಗಲ್ಲು.