ಕಲ್ಲುಕುಟಿಗ ತಂದೆ

ಪ್ರಪಂಚದ ಚರಿತ್ರೆಯಲ್ಲಿ ಅರಸರ ಹೆಸರುಗಳಿವೆ, ಸೇನಾನಿಗಳ ಹೆಸರುಗಳಿವೆ. ಅವರ ಅರಮನೆಗಳನ್ನೂ ಕೋಟೆಗಳನ್ನೂ ಕಟ್ಟಿದವರ ಹೆಸರುಗಳು ಬಹುಮಟ್ಟಿಗೆ ಉಳಿದಿಲ್ಲ. ಕಲ್ಲು ಕಡೆದು, ಗೋಡೆಯೆತ್ತಿ, ಮಕ್ಕಳನ್ನು ಸಾಕಿ, ಸದ್ದಿಲ್ಲದೆ ಮಣ್ಣು ಸೇರಿದವರು ಅಸಂಖ್ಯಾತರು. ಅಂಥವರಲ್ಲೊಬ್ಬನ ಬಾಳು ಮಗನ ಲೇಖನಿಯ ದೆಸೆಯಿಂದ ಇಂದಿಗೂ ನಮ್ಮ ಕಣ್ಣ ಮುಂದೆ ನಿಂತಿದೆ. ಆತನೇ ಸ್ಕಾಟ್ಲೆಂಡಿನ ಕಲ್ಲುಕುಟಿಗ ಜೇಮ್ಸ್ ಕಾರ್ಲೈಲ್. ಹತ್ತೊಂಬತ್ತನೆಯ ಶತಮಾನದ ಪ್ರಸಿದ್ಧ ಗದ್ಯಲೇಖಕನಾದ ಥಾಮಸ್ ಕಾರ್ಲೈಲ್ ಆತನ ಮಗ.

ಜೇಮ್ಸ್ ಹುಟ್ಟಿದ್ದು 1758ರಲ್ಲಿ, ದಕ್ಷಿಣ ಸ್ಕಾಟ್ಲೆಂಡಿನ ಬಡ ಕುಟುಂಬವೊಂದರಲ್ಲಿ. ಶಾಲೆಯ ಮೆಟ್ಟಿಲನ್ನು ಅವನು ಹೆಚ್ಚು ಕಾಲ ತುಳಿಯಲಿಲ್ಲ. ಹರೆಯದಲ್ಲಿಯೇ ಉಳಿ ಸುತ್ತಿಗೆಗಳನ್ನು ಹಿಡಿದು ಕಲ್ಲುಗೆಲಸವನ್ನು ಕಲಿತನು. ಎಕ್ಲ್‌ಫೆಕನ್ ಎಂಬ ಹಳ್ಳಿಯಲ್ಲಿ ನೆಲೆಸಿ, ಸೋದರನೊಡನೆ ಸೇರಿ ತನ್ನ ಕೈಯಿಂದಲೇ ಒಂದು ಮನೆಯನ್ನು ಕಟ್ಟಿದನು. ನಡುವೆ ಕಮಾನುಳ್ಳ ಆ ಮನೆಯಲ್ಲಿಯೇ 1795ರ ಡಿಸೆಂಬರ್ 4ರಂದು ಥಾಮಸ್ ಜನಿಸಿದನು. ಅದು ಇಂದು ಸ್ಮಾರಕವಾಗಿ ಉಳಿದಿದೆ.

ಜೇಮ್ಸನಿಗೆ ದುಡಿಮೆಯೆಂದರೆ ಕೇವಲ ಹೊಟ್ಟೆಪಾಡಾಗಿರಲಿಲ್ಲ. ಹೊರಗೆ ಅಂದವಾಗಿ ಕಂಡು ಒಳಗೆ ಟೊಳ್ಳಾಗಿರುವ ಗೋಡೆಯನ್ನು ಕಟ್ಟುವುದು ಅವನ ಪಾಲಿಗೆ ಸುಳ್ಳು ಹೇಳಿದಂತೆಯೇ ಆಗಿತ್ತು. ನಿತ್ ನದಿಗೆ ಆಲ್ಡ್‌ಗಾರ್ತ್ ಎಂಬಲ್ಲಿ ಸೇತುವೆ ಕಟ್ಟಿದಾಗ ಅವನು ಅಲ್ಲಿ ಕೂಲಿಯಾಳಾಗಿ ದುಡಿದಿದ್ದನು. ಜನರು ಗಟ್ಟಿತನಕ್ಕಿಂತ ಥಳಕನ್ನೇ ಬಯಸತೊಡಗಿದ ಕಾಲ ಬಂದಾಗ, 1815ರ ಸುಮಾರಿಗೆ, ಅವನು ಕಲ್ಲುಗೆಲಸವನ್ನು ಬಿಟ್ಟು ಗೇಣಿಯ ಹೊಲವನ್ನು ಹಿಡಿದು ಬೇಸಾಯಗಾರನಾದನು.

ಅವನು ಕಂಡ ಬಡತನವೂ ಸಾಮಾನ್ಯವಾದುದಲ್ಲ. 1799 ಮತ್ತು 1800ರಲ್ಲಿ ಆ ನಾಡಿನಲ್ಲಿ ಧಾನ್ಯದ ಬೆಲೆ ವಿಪರೀತವಾಗಿ ಏರಿತು. ಆಗ ಕೂಲಿಕಾರರು ನಡುಹಗಲಿನ ಊಟದ ಹೊತ್ತಿಗೆ ಒಬ್ಬೊಬ್ಬರಾಗಿ ಬೇರೆ ಬೇರೆ ತೊರೆಗಳ ಬಳಿಗೆ ಹೋಗಿ, ಊಟಕ್ಕೆ ಬದಲಾಗಿ ನೀರು ಕುಡಿದು ಹಿಂದಿರುಗುತ್ತಿದ್ದುದನ್ನು ಜೇಮ್ಸ್ ಗಮನಿಸಿದ್ದನು. ತಮ್ಮ ಹಸಿವು ಜೊತೆಗಾರರಿಗೆ ತಿಳಿಯಬಾರದೆಂಬುದೊಂದೇ ಅವರ ಚಿಂತೆ. ತಂದೆಯ ಬಾಯಿಂದ ಕೇಳಿದ ಈ ಸಂಗತಿಯನ್ನು ಮಗ ಕೊನೆಯವರೆಗೂ ಮರೆಯಲಿಲ್ಲ.

ಜೇಮ್ಸ್ ಮಿತಭಾಷಿ, ಮುಂಗೋಪಿ. ಮಕ್ಕಳಿಗೆ ಅವನಲ್ಲಿ ಪ್ರೀತಿಗಿಂತ ಭಯವೇ ಮುಂದಾಗಿತ್ತು. ಆದರೆ ಗಟ್ಟಿ ಚಿಪ್ಪಿನೊಳಗೆ ಎಳನೀರಿರುವಂತೆ ಆ ಕಠಿಣತೆಯ ಒಳಗೆ ಆಳವಾದ ವಾತ್ಸಲ್ಯವಿತ್ತು. ಓದಿದ ಮಕ್ಕಳು ಓದದ ತಂದೆತಾಯಿಗಳನ್ನು ಕಡೆಗಣಿಸುತ್ತಾರೆಂದು ನೆರೆಯವನೊಬ್ಬನು ಎಚ್ಚರಿಸಿದಾಗಲೂ ಜೇಮ್ಸ್ ಹಿಂಜರಿಯಲಿಲ್ಲ. 1809ರಲ್ಲಿ, ಇನ್ನೂ ಹದಿನಾಲ್ಕು ತುಂಬದ ಥಾಮಸ್ ವಿಶ್ವವಿದ್ಯಾಲಯವನ್ನು ಸೇರಲು ಎಡಿನ್‌ಬರೋ ನಗರಕ್ಕೆ ಹೊರಟನು. ಸುಮಾರು 100 ಮೈಲಿಗಳ ಹಾದಿಯನ್ನು ಕಾಲ್ನಡಿಗೆಯಲ್ಲಿಯೇ ಸಾಗಬೇಕಾಗಿತ್ತು. ತಂದೆತಾಯಿಗಳು ಊರ ಹೊರಗಿನವರೆಗೂ ಬಂದು ಮಗನನ್ನು ಬೀಳ್ಕೊಟ್ಟರು.

ಮಗನು ಧರ್ಮಬೋಧಕನಾಗಬೇಕೆಂಬುದು ತಂದೆಯ ಹಂಬಲ. ತನ್ನ ಮನಸ್ಸು ಒಪ್ಪದೆ ಥಾಮಸ್ ಆ ದಾರಿಯನ್ನು ಬಿಟ್ಟನು. ತಂದೆಗೆ ನೋವಾಗಿರಬೇಕು, ಆದರೂ ಅವನು ಒಂದು ಕಟುನುಡಿಯನ್ನೂ ಆಡಲಿಲ್ಲ. ಮುಂದೊಮ್ಮೆ ನೆರೆಯವನ ಹಳೆಯ ಎಚ್ಚರಿಕೆಯನ್ನು ಮಗನಿಗೆ ತಿಳಿಸಿ, ಅದು ಹುಸಿಯಾಯಿತೆಂದು ದೇವರನ್ನು ನೆನೆದು ಸಂತೋಷಪಟ್ಟನು. ಓದಿದ ಮಗನಿಗೆ ಓದದ ತಂದೆಯಿಂದ ದೊರೆತ ಪದವಿ ಇದು.

1831ರಲ್ಲಿ ಥಾಮಸ್ ತನ್ನ ಗ್ರಂಥವೊಂದರ ಹಸ್ತಪ್ರತಿಯನ್ನು ಹಿಡಿದು ಲಂಡನ್ನಿಗೆ ಹೋದನು. ಪ್ರಕಾಶಕರು ಅದನ್ನು ಒಪ್ಪಲಿಲ್ಲ. ಅಂಥ ದಿನಗಳಲ್ಲಿಯೇ, 1832ರ ಜನವರಿ 22ರಂದು, ದೂರದ ಊರಿನಲ್ಲಿ ಜೇಮ್ಸ್ ಕಣ್ಣು ಮುಚ್ಚಿದನು. ಮಗನಿಗೆ ಅಂತ್ಯಕ್ರಿಯೆಗೆ ಹೋಗಲಾಗಲಿಲ್ಲ. ತಂದೆಯ ಹೆಣಕ್ಕೆ ಹೆಗಲು ಕೊಡಲಾಗದ ಆ ಮಗನು ಬಾಗಿಲು ಮುಚ್ಚಿಕೊಂಡು ಕುಳಿತು, ಕೆಲವೇ ದಿನಗಳಲ್ಲಿ ತಂದೆಯ ಬಾಳನ್ನು ಬರೆದನು. ಅದರಲ್ಲಿ ತಂದೆಯ ಕೋಪವನ್ನು ಮುಚ್ಚಿಡಲಿಲ್ಲ, ಗುಣಗಳನ್ನು ಹಿಗ್ಗಿಸಲೂ ಇಲ್ಲ. ಅಲಂಕಾರಶಾಸ್ತ್ರವನ್ನರಿಯದ ಆ ಕಲ್ಲುಕುಟಿಗನ ಮಾತಿನಲ್ಲಿ ಉಪಮೆ ರೂಪಕಗಳು ತಾವಾಗಿಯೇ ಹೊಳೆಯುತ್ತಿದ್ದುದನ್ನು ನೆನೆದನು. ಒಳ್ಳೆಯ ಕಟ್ಟಡವು ಬಹುಪಾಲು ಪುಸ್ತಕಗಳಿಗಿಂತ ಹೆಚ್ಚು ಕಾಲ ಬಾಳುವುದೆಂದು ಹೇಳಿ, ತಂದೆ ಮನೆ ಕಟ್ಟಿದಷ್ಟೇ ಪ್ರಾಮಾಣಿಕವಾಗಿ ತಾನು ಪುಸ್ತಕ ಬರೆಯಬೇಕೆಂದು ನಿಶ್ಚಯಿಸಿದನು.

ಥಾಮಸ್ ಆ ಬರಹವನ್ನು ತನ್ನ ಜೀವಿತಕಾಲದಲ್ಲಿ ಪ್ರಕಟಿಸಲಿಲ್ಲ. 1881ರ ಫೆಬ್ರುವರಿ 5ರಂದು ಅವನು ತೀರಿಕೊಂಡ ಬಳಿಕ, ಅದೇ ವರ್ಷ ಅದು ಬೆಳಕಿಗೆ ಬಂದಿತು. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಮಹಾಪುರುಷರ ನಡುವೆ ಅವನಿಗೆ ಸಮಾಧಿಸ್ಥಳವನ್ನು ನೀಡಲು ಅಲ್ಲಿಯವರು ಮುಂದಾದರು. ಆದರೆ ಅವನ ಇಚ್ಛೆ ಬೇರೆಯಾಗಿತ್ತು. ಅದರಂತೆ ಆ ಲೋಕಪ್ರಸಿದ್ಧ ಲೇಖಕನ ದೇಹವನ್ನು ಎಕ್ಲ್‌ಫೆಕನ್ ಹಳ್ಳಿಗೆ ಒಯ್ದು, ಕಲ್ಲುಕುಟಿಗ ತಂದೆಯ ಮಗ್ಗುಲಲ್ಲಿ ಮಣ್ಣು ಮಾಡಿದರು.